ಗೆರೆ ಕಾಣದ ಬಾಟಲಿ

ಬೆಳಗಿನ ಐದೂ ಮುಕ್ಕಾಲು. ಹಲಸೂರಿನಾಚೆ, ಹಳೇ ವಿಮಾನ ನಿಲ್ದಾಣದ ಮಗ್ಗುಲಿನ ಒಂದು ಖಾಸಗಿ ಹ್ಯಾಂಗರಿನ ಮುಂದೆ ಎಂಟು ಸೀಟಿನ ಪುಟ್ಟ ವಿಮಾನ ನಿಂತಿದೆ. ಅದರ ರೆಕ್ಕೆಯ ಕೆಳಗೆ ಮಂಡಿಯೂರಿ ಕುಳಿತವರು ಚಾಂದ್ ಪಾಷಾ. ರೆಕ್ಕೆಯಡಿಯ ಸಣ್ಣ ಕವಾಟ ಒತ್ತಿದರೆ ಇಂಧನ ಸುರ್ರೆಂದು ಬಾಟಲಿಗೆ ಇಳಿಯುತ್ತದೆ. ಬಾಟಲಿಯನ್ನು ಗಿರ್ರನೆ ತಿರುಗಿಸಿ, ಟಾರ್ಚಿನ ಬೆಳಕಿಗೆ ಹಿಡಿದು, ಹಾಲಿನವನ ಮೇಲೆ ಅನುಮಾನವಿರುವ ಗೃಹಿಣಿಯ ಹಾಗೆ ನೋಡುತ್ತಾರೆ.

ವಿಮಾನದ ಇಂಧನ ಇರುವುದು ಹೆಚ್ಚಾಗಿ ರೆಕ್ಕೆಯೊಳಗೆ. ರೆಕ್ಕೆಯೇ ಟ್ಯಾಂಕು. ಅಲ್ಲಿಂದ ಪಂಪು ಅದನ್ನು ಫಿಲ್ಟರಿನ ಮೂಲಕ ಎಂಜಿನ್ನಿಗೆ ತಳ್ಳುತ್ತದೆ. ಈ ದಾರಿಗೆ ದೊಡ್ಡ ಶತ್ರು ನೀರು. ಗಾಳಿಯ ತೇವ ಟ್ಯಾಂಕಿನೊಳಗೆ ಬೆವರಿ ಹನಿಯಾಗುತ್ತದೆ, ಮಳೆಗಾಲದಲ್ಲಿ ಮುಚ್ಚಳದ ಸಂದಿಯಿಂದಲೂ ಇಳಿಯುತ್ತದೆ. ಮೇಲೆ ಹೋದಾಗ ಅದೇ ನೀರು ಮಂಜುಗಡ್ಡೆಯಾಗಿ ಫಿಲ್ಟರನ್ನು ಕಟ್ಟಿಹಾಕಿದರೆ ಎಂಜಿನ್ನಿಗೆ ಉಸಿರುಗಟ್ಟುತ್ತದೆ. ನೀರು ಭಾರ, ತಳಕ್ಕೆ ಕೂರುತ್ತದೆ. ಆದ್ದರಿಂದ ಹಾರುವ ಮುಂಚೆ ತಳದಿಂದ ತೆಗೆದು ನೋಡಲೇಬೇಕು. ಒಂದು ವಿಮಾನಕ್ಕೆ ಎಂಟು ಬಾಟಲಿ, ದಿನಕ್ಕೆ ನಾಲ್ಕು ವಿಮಾನ. ಉಳಿದ ಹೊತ್ತಿನಲ್ಲಿ ಸೋರುವ ಟ್ಯಾಂಕಿನ ಕಿಂಡಿಯೊಳಗೆ ಭುಜದವರೆಗೆ ಕೈ ತೂರಿಸಿ ಹಳೇ ಅಂಟು ಕೆರೆಯುವುದು, ಹೊಸದು ಮೆತ್ತುವುದು.

"ಪೈಲಟ್ ಫೋಟೋ ಪೇಪರಲ್ಲಿ ಬರತ್ತೆ. ನಂದು ಗೇಟ್ ಪಾಸಲ್ಲಿ ಬಿಟ್ರೆ ಎಲ್ಲೂ ಇಲ್ಲ" ಎಂದು ನಗುತ್ತಾರೆ ಪಾಷಾ.

ಅವರಿಗೀಗ ಐವತ್ತೇಳು. ಹುಟ್ಟಿದ್ದು ಶಿವಾಜಿನಗರದಲ್ಲಿ, ಮನೆ ಲಿಂಗರಾಜಪುರದಲ್ಲಿ. ಅಪ್ಪ ಸೀಮೆಎಣ್ಣೆ ಡಿಪೋದಲ್ಲಿ ಡ್ರಮ್ಮಿನಿಂದ ಎಣ್ಣೆ ಅಳೆದು ಕೊಡುತ್ತಿದ್ದವರು. ವಿಮಾನದ ಇಂಧನವೂ ಸೀಮೆಎಣ್ಣೆಯ ನೆಂಟನೇ ಆದ್ದರಿಂದ ಮಗ ಮನೆತನದ ಕಸುಬು ಬಿಟ್ಟಿಲ್ಲ ಎನ್ನಬಹುದು. ಐಟಿಐ ಮುಗಿಸಿ ಹ್ಯಾಂಗರಿಗೆ ಸಹಾಯಕನಾಗಿ ಸೇರಿ, ಸ್ವಂತ ಸಹಿ ಹಾಕುವ ಅಧಿಕಾರ ಸಿಗಲು ಹನ್ನೆರಡು ವರ್ಷ ಹಿಡಿಯಿತು. ಆ ಸಹಿಯನ್ನು ಅವರು ಒಂದು ಬೆಳಿಗ್ಗೆ ತಾವಾಗಿಯೇ ಪಣಕ್ಕಿಟ್ಟರು.

ಹನ್ನೊಂದು ವರ್ಷದ ಹಿಂದಿನ ಮಾತು. ಮೂರು ದಿನ ಬಿಡದೆ ಮಳೆ. ವಿಮಾನ ಬಯಲಲ್ಲೇ ನಿಂತಿತ್ತು. ಪಾಷಾರಿಗೆ ನೆಗಡಿ, ಮೂಗು ಪೂರ್ತಿ ಕಟ್ಟಿ ಎಣ್ಣೆಯ ವಾಸನೆಯೇ ತಿಳಿಯುತ್ತಿರಲಿಲ್ಲ. ಬಾಟಲಿ ತುಂಬಿ ನೋಡಿದರು. ಫಳಫಳ, ಕನ್ನಡಿಯಷ್ಟು ಸ್ವಚ್ಛ. ಕೆಳಗೆ ನೀರು, ಮೇಲೆ ಎಣ್ಣೆ ಇದ್ದರೆ ನಡುವೆ ಗೆರೆ ಕಾಣಬೇಕು. ಗೆರೆ ಇರಲಿಲ್ಲ. ನೀರಿದ್ದರೆ ಬಣ್ಣ ತಿರುಗುವ ಪುಡಿಯ ಡಬ್ಬಿ ಜೇಬಿನಲ್ಲೇ ಇತ್ತು. ಇಷ್ಟು ಚೊಕ್ಕವಾಗಿರುವಾಗ ಪುಡಿ ಯಾಕೆ ದಂಡ ಎಂದುಕೊಂಡು ಸಹಿ ಹಾಕಿದರು. ಅವರ ಸಹಿ ನಂಬಿ ಎಂಜಿನಿಯರ್ ವಿಮಲಾಕ್ಷಿ ಹಾರಾಟಕ್ಕೆ ಒಪ್ಪಿಗೆ ಕೊಟ್ಟರು. ಆರು ಜನ ಪ್ರಯಾಣಿಕರು ಹತ್ತಿದರು.

ಪಾಷಾ ಗೇಟಿನಾಚೆಯ ಅಂಗಡಿಗೆ ಟೀ ಕುಡಿಯಲು ಹೋಗಿ ನಲ್ಲಿಗೆ ಕೈಯೊಡ್ಡಿದರು. ಅವಸರದಲ್ಲಿ ಗ್ಲೌಸ್ ಹಾಕಿರಲಿಲ್ಲ, ಬಾಟಲಿ ತುಳುಕಿ ಕೈ ನೆನೆದಿತ್ತು. "ದಿನಾ ಎರಡು ಸಲ ಸೋಪ್ ಹಾಕಿದ್ರೂ ಜಿಡ್ಡು ಹೋಗಲ್ಲ. ಅವತ್ತು ಅಂಗೈಗೆ ಜಿಡ್ಡೇ ಇಲ್ಲ ಸಾರ್!"

ಆಗ ಅವರಿಗೆ ಹೊಳೆಯಿತು. ಗೆರೆ ಕಾಣದಿದ್ದುದು ನೀರಿಲ್ಲದ್ದಕ್ಕಲ್ಲ, ಬಾಟಲಿ ಪೂರ್ತಿ ನೀರೇ ಆಗಿದ್ದರಿಂದ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಗೊತ್ತಿದ್ದೂ ಮೋಸ ಹೋಗಿದ್ದರು. ಟೀ ಅಲ್ಲೇ ಬಿಟ್ಟು ವಿಮಲಾಕ್ಷಿಗೆ ಫೋನ್ ಮಾಡಿದರು.

"ಮೇಡಂ, ಪ್ಲೇನ್ ನಿಲ್ಸಿ. ತಪ್ಪು ನಂದು."

"ಏನ್ ಹೇಳ್ತಿದೀರಿ ಪಾಷಾ ಭಾಯ್? ಡೋರ್ ಹಾಕಾಯ್ತು. ಗ್ಯಾರಂಟಿನಾ?"

"ಗ್ಯಾರಂಟಿ ಇಲ್ಲ ಮೇಡಂ. ಡೌಟು. ಆದ್ರೂ ನಿಲ್ಸಿ."

ಬರೀ ಅನುಮಾನಕ್ಕೆ ತಮ್ಮ ಕೆಲಸಕ್ಕೇ ಕಲ್ಲು ಹಾಕಿಕೊಳ್ಳುವವರು ಎಷ್ಟು ಜನ ಸಿಗುತ್ತಾರೆ? ಬಾಯಿ ಮುಚ್ಚಿಕೊಂಡು ದೇವರ ಮೇಲೆ ಭಾರ ಹಾಕುವವರೇ ಹೆಚ್ಚು. ವಿಮಾನ ನಿಂತಿತು. ತಳದಿಂದ ಇಳಿದದ್ದು ಎರಡು ಲೀಟರ್ ನೀರು. ಇಂಧನ ತುಂಬುವ ಬಾಯಿಯ ಮುಚ್ಚಳದಲ್ಲಿ ರಬ್ಬರಿನ ಬಳೆ ಸೀಳಿತ್ತು. ಪಾಷಾರ ಸಹಿಯ ಅಧಿಕಾರ ಆರು ತಿಂಗಳು ಹೋಯಿತು. ಪಳಗಿದ ಆ ಕೈ ಅಷ್ಟು ದಿನ ಹ್ಯಾಂಗರಿನ ನೆಲ ಒರೆಸಿತು. ನೋವಾಗಲಿಲ್ಲವೇ ಎಂದರೆ ಅವರು ಮುಚ್ಚಿಡುವುದಿಲ್ಲ. "ಆಯ್ತು. ಮನೇಲಿ ಫಹ್ಮಿದಾಗೆ ಎರಡು ತಿಂಗಳು ಹೇಳೇ ಇರ್ಲಿಲ್ಲ. ಹೆಂಡ್ತಿ ಮುಂದೆ ಹೆಂಗ್ ಹೇಳೋದು, ಕಸ ಗುಡಿಸ್ತಿದೀನಿ ಅಂತ?"

ಸಹಿ ಮರಳಿ ಬಂದ ದಿನದಿಂದ ಅವರದೊಂದು ಪದ್ಧತಿ ಇದೆ. ಖಾಲಿ ಬಾಟಲಿ ಒಡ್ಡುವುದೇ ಇಲ್ಲ. ಮೊದಲೇ ಪರೀಕ್ಷಿಸಿದ ಒಳ್ಳೆಯ ಇಂಧನವನ್ನು ಎರಡು ಬೆರಳಿನಷ್ಟು ಎತ್ತರಕ್ಕೆ ಹಾಕಿಕೊಂಡು, ಅದರ ಮೇಲೆ ಟ್ಯಾಂಕಿನದನ್ನು ಇಳಿಸುತ್ತಾರೆ. ಬಂದದ್ದು ಬರೀ ನೀರಾದರೂ ಗೆರೆ ಮೂಡಲೇಬೇಕು. ಪುಡಿಯಂತೂ ಪ್ರತಿ ಬಾಟಲಿಗೂ ಉಂಟು.

"ನಾನು ಓದಿದ ಯಾವ ಪುಸ್ತಕದಲ್ಲೂ ಇದಿರ್ಲಿಲ್ಲ ರೀ" ಎನ್ನುತ್ತಾರೆ ವಿಮಲಾಕ್ಷಿ. ದಾವಣಗೆರೆ ಕಡೆಯ ಅವರು ಈಗ ಅದೇ ಹ್ಯಾಂಗರಿನ ಮುಖ್ಯ ಎಂಜಿನಿಯರ್. ಈ ಪದ್ಧತಿಯನ್ನು ಹ್ಯಾಂಗರಿನ ತಪಾಸಣಾ ಪಟ್ಟಿಯಲ್ಲಿ ಸೇರಿಸಲು ಅವರು ಮೇಲಿನವರಿಗೆ ಬರೆದಿದ್ದಾರೆ. ಉತ್ತರ ಬಂದಿಲ್ಲ. ಪಾಷಾ ಮಾರ್ಚಿಗೆ ನಿವೃತ್ತರಾಗುತ್ತಾರೆ. "ನನ್ ಹೆಸ್ರು ಬೇಡ. ಆ ಒಂದು ಲೈನ್ ಸೇರಿದ್ರೆ ಸಾಕು. ನಾನ್ ಹೋದ್ಮೇಲೆ ಬರೋನಿಗೂ ನೆಗಡಿ ಆಗತ್ತಲ್ವಾ?"

ಅಂದು ವಿಮಾನದಲ್ಲಿದ್ದ ಆರು ಜನಕ್ಕೆ ನಡೆದದ್ದೇನೆಂದು ಇವತ್ತಿಗೂ ಗೊತ್ತಿಲ್ಲ. ತಾಂತ್ರಿಕ ಕಾರಣ ಎಂದಷ್ಟೇ ಹೇಳಿ ಇಳಿಸಿದ್ದರು. ಮೂರು ಗಂಟೆ ತಡವಾಯಿತೆಂದು ಒಬ್ಬರು ಪಾಷಾರ ಮುಖಕ್ಕೇ ಬೆರಳು ತೋರಿಸಿ, ನಿಮ್ಮಂಥವರಿಂದಲೇ ದೇಶ ಹೀಗಾಗಿರುವುದು ಎಂದು ಬೈದು ಹೋದರು. ಬೈದವರ ಮೇಲೆ ಪಾಷಾರಿಗೆ ಈಗಲೂ ಸಿಟ್ಟಿಲ್ಲ.

"ಬೈಲಿ ಬಿಡಿ ಸಾರ್" ಎನ್ನುತ್ತಾರೆ. "ಬೈಯೋಕೆ ಇದಾರಲ್ಲ."