ಹೆಪ್ಪಿನ ನಕಾಶೆ

ನಿನ್ನೆ ಸಂಜೆ, ಪಕ್ಕದ ಮನೆಗೆ ಹೊಸದಾಗಿ ಬಂದಿರುವ ಸಾವಿತ್ರಿ ವಾಟಗ, ಅಂದರೆ ಸಣ್ಣ ಬಟ್ಟಲು, ಹಿಡಿದು ಬಂದಳು. ನಮ್ಮ ಪಡಸಾಲೆಯ ಬುದ್ಧನ ಪಟದ ಕೆಳಗೇ ನಿಂತು, "ಅಕ್ಕಾರ, ಹೆಪ್ಪಿಗೆ ಒಂಚೂರು ಮಸರು ಕೊಡ್ರಿ" ಎಂದಳು. ನಮ್ಮಲ್ಲೂ ಮೊಸರು ಮುಗಿದಿತ್ತು. ನಾಳೆ ಮುಂಜಾನೆ ಕೊಡುತ್ತೇನೆಂದು ಕಳಿಸಿದೆ. ಅವ್ವ ಎದ್ದು, ಉಗುರುಬೆಚ್ಚಗಿನ ಹಾಲಿಗೆ ತೊಟ್ಟು ಸಮೇತ ನಾಲ್ಕು ಹಸಿಮೆಣಸಿನಕಾಯಿ ಹಾಕಿ ಮುಚ್ಚಿಟ್ಟಳು. ಹೆಪ್ಪಿಲ್ಲದಾಗ ಹೀಗೂ ಮೊಸರಾಗುತ್ತದೆ, ಗೊತ್ತೇನು ನಿಮಗೆ? ಈ ವಿದ್ಯೆ ಅವ್ವನಿಗೆ ಯಾಕೆ ಇಷ್ಟು ಪಕ್ಕಾ ಬರುತ್ತದೆ ಎಂಬುದರಲ್ಲೇ ನನ್ನ ಪಿಎಚ್.ಡಿ. ಕತೆಯೂ ಇದೆ.

ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿದ ಮೇಲೆ, ಜನರ ಕೊಡುಕೊಳ್ಳುವಿಕೆಯನ್ನು ಗಣಿತದ ಕಣ್ಣಿನಿಂದ ನೋಡುವ ಹುಚ್ಚು ಹತ್ತಿತು ನನಗೆ. ಫೆಲೋಶಿಪ್ಪಿಗೆ ಅರ್ಜಿ ಹಾಕಿದೆ. ಗಣಿತದವರು, ಇದು ಸಮಾಜಶಾಸ್ತ್ರ, ಅಲ್ಲಿಗೆ ಹೋಗು ಎಂದರು. ಮರುವರ್ಷ ಸಮಾಜಶಾಸ್ತ್ರದವರು, ಇದು ಗಣಿತ, ಅಲ್ಲಿಗೇ ಹೋಗು ಎಂದರು. ಮೂರನೆಯದು ಕಡೆಯ ಅವಕಾಶ. ವಯಸ್ಸಿನ ಮಿತಿ ಮುಗಿಯುತ್ತಿತ್ತು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: "ಈ ಸಲ ಆಗಲಿಲ್ಲಂದ್ರ ಬಿ.ಎಡ್. ಮಾಡಿ ಸಾಲಿ ಸೇರು. ಮನ್ಯಾಗ ಕುಂತು ಚುಕ್ಕಿ ಬರಕೋತ ಇರಾಕ ಆಗೂದಿಲ್ಲ."

ಚುಕ್ಕಿಗಳೆಂದರೆ ನನ್ನ ನಕಾಶೆಯವು. ಆಗ ನಾವಿದ್ದುದು ಕೆಲಗೇರಿಯ ಒಂದು ಓಣಿಯಲ್ಲಿ. ಮನೆ ಮನೆಗೆ ಹೋಗಿ, ಈ ತಿಂಗಳು ಹೆಪ್ಪು ಯಾರಿಗೆ ಕೊಟ್ರಿ, ಯಾರ ಕಡೆ ಇಸಗೊಂಡ್ರಿ ಎಂದು ಕೇಳಿ ಬರೆದುಕೊಂಡಿದ್ದೆ. ಮನೆಗೊಂದು ಚುಕ್ಕಿ, ಕೊಟ್ಟ ಮನೆಯಿಂದ ತಗೊಂಡ ಮನೆಗೆ ಒಂದು ಬಾಣ. ಒಬ್ಬರು ಕೊಟ್ಟರೆ ಇನ್ನೊಬ್ಬರು ತಗೊಂಡಿರಲೇಬೇಕು, ಹಾಗಾಗಿ ಎರಡರ ಮೊತ್ತವೂ ಸಮ. ನಮ್ಮ ಓಣಿಯಲ್ಲಿ ನೋಡಿದರೆ ಎಲ್ಲರೂ ಕೊಟ್ಟವರೇ! "ನಾ ಯಾಕ ಇಸಗೊಳ್ಳಾಕ ಹೋಗ್ಲೆವಾ, ನಮ್ಮನ್ಯಾಗ ಎಮ್ಮಿ ಐತಿ" ಎಂದ ಗಂಗಕ್ಕನಿಗೆ ತಾವು ಹೆಪ್ಪು ಕೊಟ್ಟಿದ್ದೇವೆಂದು ಮೂರು ಮನೆಯವರು ಆಣೆ ಮಾಡಿ ಹೇಳಿದ್ದರು.

ಮೂರನೇ ಸಲದ ಸಂದರ್ಶನಕ್ಕೆ ಎರಡೂ ವಿಭಾಗದವರು ಕೂತಿದ್ದರು. ಗಣಿತದ ಪ್ರೊಫೆಸರರು ನಕಾಶೆಯನ್ನು ಉಲ್ಟಾ ಸುಲ್ಟಾ ತಿರುಗಿಸಿ ನೋಡಿದರು. "ಇದರಾಗ ಗಣಿತ ಎಲ್ಲೈತವಾ?"

"ಎರಡೂ ಮೊತ್ತ ಸಮ ಬರಬೇಕು ಅನ್ನೂದು ಗಣಿತ ರೀ ಸರ್. ಯಾಕ ಬರಲಿಲ್ಲ ಅನ್ನೂದು ಸಮಾಜಶಾಸ್ತ್ರ."

ಅವರು ಗಟ್ಟಿಯಾಗಿ ನಕ್ಕರು. ಗೆದ್ದೆ ಎಂದುಕೊಂಡೆ. ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಒರಗಿಯೂ ಕೂತೆ, ನೋಡಿ ನನ್ನ ಜಂಬ! ಅಷ್ಟರಲ್ಲಿ ಸಮಾಜಶಾಸ್ತ್ರದ ಮೇಡಂ ನನ್ನ ಅರ್ಜಿಯನ್ನು ನಕಾಶೆಯ ಪಕ್ಕಕ್ಕೆ ಇಟ್ಟುಕೊಂಡರು.

"ಓಣ್ಯಾಗಿನ ಎಲ್ಲಾ ಮನಿ ಅಂತ ಬರದೀರಿ. ಚುಕ್ಕಿ ಇಪ್ಪತ್ಮೂರು ಅದಾವ. ನಿಮ್ಮ ವಿಳಾಸದಾಗ ಮನಿ ನಂಬರು ಇಪ್ಪತ್ನಾಲ್ಕು ಐತಿ. ಅದೆಲ್ಲಿ ಹೋತ್ರಿ?"

ಸಂಶೋಧಕಿ ನಕಾಶೆಯ ಹೊರಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅದು ಶುದ್ಧ ಸುಳ್ಳು. ನನಗೆ ನಾಚಿಕೆಯಾಗಿತ್ತು. ಓಣಿಯಲ್ಲಿ ನಮ್ಮದೊಂದೇ ಬೌದ್ಧರ ಮನೆ. ಅಪ್ಪನ ಹತ್ತಿರ ಅರ್ಜಿ ಬರೆಸಿಕೊಳ್ಳಲು ಎಲ್ಲರೂ ಬರುತ್ತಿದ್ದರು, ಕಟ್ಟೆಯ ಮೇಲೆ ಕೂತು ನಗುತ್ತಿದ್ದರು. ಹೆಪ್ಪು ಕೇಳಲು ಒಬ್ಬರೂ ಬಂದಿರಲಿಲ್ಲ. ಅವ್ವನೂ ಯಾರನ್ನೂ ಕೇಳಿರಲಿಲ್ಲ. ಮೊಸರು ಮುಗಿದರೆ ಮೆಣಸಿನಕಾಯಿ ಹಾಕುತ್ತಿದ್ದಳು.

ನಕಾಶೆ ಎಳೆದುಕೊಂಡು ಮೂಲೆಯಲ್ಲಿ ಒಂದು ಚುಕ್ಕಿ ಇಟ್ಟೆ. "ಇದು ನಮ್ಮನಿ ರೀ ಮೇಡಂ. ಇದಕ್ಕ ಬರೋ ಬಾಣನೂ ಇಲ್ಲ, ಹೋಗೋ ಬಾಣನೂ ಇಲ್ಲ. ನಮ್ಮವ್ವ ಮೆಣಸಿನಕಾಯಿಲೆ ಹೆಪ್ಪು ಹಾಕ್ತಾಳ. ಈ ಚುಕ್ಕಿ ಯಾಕ ಹಿಂಗ ಒಂಟಿ ಉಳೀತು ಅನ್ನೂದ ನನ್ನ ಪ್ರಶ್ನಿ. ಫೆಲೋಶಿಪ್ ಇದಕ್ಕ ಕೊಡ್ರಿ."

ಮೇಡಂ ಇಷ್ಟೇ ಅಂದರು: "ಇದನ್ನ ಮೊದಲನೇ ಪುಟದಾಗ ಬರೀಬೇಕಿತ್ತವಾ."

ಫೆಲೋಶಿಪ್ ಬಂತು. ನನ್ನ ಮಹಾಪ್ರಬಂಧದ ಮೊದಲನೇ ಪುಟದಲ್ಲಿ ಆ ಚುಕ್ಕಿಯೇ ಇದೆ. ಈಗ ಮೇಜಿನ ಆಚೆ ಬದಿ ಕೂರುವವಳು ನಾನು. ಯಾರ ಅರ್ಜಿ ಬಂದರೂ ಮೊದಲು ವಿಳಾಸ ಓದುತ್ತೇನೆ.

ಇವತ್ತು ಮುಂಜಾನೆ ಮುಚ್ಚಳ ತೆಗೆದರೆ ಮೊಸರು ಛಲೋ ಆಗಿತ್ತು. ಸಾವಿತ್ರಿ ಬರುವ ತನಕ ಅವ್ವ ಕಾಯಲಿಲ್ಲ. ತಾನೇ ವಾಟಗದಲ್ಲಿ ಹಾಕಿಕೊಂಡು ಹೋಗಿ ಕೊಟ್ಟು ಬಂದಳು.

"ಕೊಟ್ಟು ಬಂದೇನಿ. ಬರಕೋ ನಿನ್ನ ನಕಾಶೆದಾಗ" ಎಂದಳು.

"ಹೋಗೋ ಬಾಣ ಆತು ಅವ್ವಾ. ಬರೋದು?"

"ನಾಳೆ ನಾ ಇಸಗೊಳ್ಳಾಕ ಬರತೇನಿ ಅಂತ ಹೇಳೇ ಬಂದೇನಿ."

"ಇಷ್ಟು ಮಸರು ಐತಲ್ಲ ಮನ್ಯಾಗ!"

"ಇರಲಿ," ಎಂದಳು ಅವ್ವ, ಉಳಿದ ಮೆಣಸಿನಕಾಯಿಯನ್ನು ಚಟ್ನಿಗೆ ಎತ್ತಿಡುತ್ತ. "ಆದ್ರೂ ಕೇಳಾಕಿ ನಾ."