ಐದು ಸ್ಲಗ್ಗಿಗೆ ಒಂದೇ ತೂತು

ನಿವೃತ್ತಿಯಾದ ಮೇಲೆ ನಾನು ಏರ್‌ಗನ್ನಿಗೆ ಮನೆಯಲ್ಲೇ ಸ್ಲಗ್ ಮಾಡಲು ಕೂತೆ. ಅಂಗಡಿಯಲ್ಲಿ ಸಿಗುವ, ನಡು ಸಣ್ಣಗಿರುವ ಪೆಲೆಟ್ ಅಲ್ಲ. ಸ್ಲಗ್ ಅಂದರೆ ಪೂರಾ ಗುಂಡಿನ ಆಕಾರದ್ದು, ಜೋಳದ ಕಾಳಿಗಿಂತ ತುಸು ಉದ್ದ. ಸೀಸದ ತಂತಿ ತುಂಡರಿಸಿ, ಉಕ್ಕಿನ ಅಚ್ಚಿನಲ್ಲಿಟ್ಟು ಒತ್ತಿದರೆ ಆಯಿತು. ಅಚ್ಚನ್ನು ಮಾತ್ರ ಕೂದಲೆಳೆಯಷ್ಟೂ ತಪ್ಪದಂತೆ ಕಡೆಯಬೇಕು. ಸಿಮೆಂಟ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಬ್ಬಿಣ ಕಡೆಯುವ ಲೇತ್ ಯಂತ್ರದ ಮುಂದೆ ನಿಂತವನು ನಾನು, ಇದೇನು ಮಹಾ ಎಂದುಕೊಂಡಿದ್ದೆ.

ಇದು ಬರೀ ಶೋಕಿಯಾಗಿರಲಿಲ್ಲ. ಶಹಾಬಾದಿನ ಒಂದು ಐಟಿಐನವರು ಲೇತ್ ಕೆಲಸ ಕಲಿಸಲು ಬರ್ರಿ ಎಂದು ಕರೆದಿದ್ದರು. ಹೋಗುವ ಆಸೆ ಭಾಳ ಇತ್ತು. ಆದರೆ ಅರವತ್ತು ದಾಟಿದ ಕೈ. ಇಡೀ ತರಗತಿಯ ಎದುರಿಗೆ ನಡುಗಿದರೆ ಮಾನ ಹೋಯಿತು. ಅದಕ್ಕೆ ಯಾರಿಗೂ ಹೇಳದೆ ನನಗೆ ನಾನೇ ಪರೀಕ್ಷೆ ಇಟ್ಟುಕೊಂಡೆ: ನಾನು ಮಾಡಿದ ಐದು ಸ್ಲಗ್ ಇಪ್ಪತ್ತೈದು ಹೆಜ್ಜೆ ದೂರದ ಕಾಗದದಲ್ಲಿ ಒಂದೇ ತೂತು ಹೊಡೆಯಬೇಕು. ಹೊಡೆದರೆ ಐಟಿಐ, ಇಲ್ಲವಾದರೆ ಮನೆಯ ಮೂಲೆ.

ವಾಡಿಯಲ್ಲಿ ರೈಲು ಹಳಿಯ ಪಕ್ಕದಲ್ಲೇ ನಮ್ಮ ಮನೆ. ಹಿತ್ತಲಲ್ಲಿ ಎರಡು ಇಟ್ಟಿಗೆ ಕಂಬದ ಮೇಲೆ ಫರ್ಸಿ ಕಲ್ಲಿನ ಚಪ್ಪಡಿ ಹಾಸಿ, ಅದರ ಮೇಲೆ ಬಂದೂಕು ಊರಿದೆ. ಮನೆಯ ಗೋಡೆಗೆ ಮಣ್ಣಿನ ಚೀಲ ಒಟ್ಟಿ ಕಾಗದ ಸಿಕ್ಕಿಸಿ ಹೊಡೆದೆ. ಮೂರು ಒಂದೇ ತೂತು. ನಾಲ್ಕನೆಯದು ಮೇಲೆ, ಐದನೆಯದು ಎತ್ತಲೋ! ತೂಕದ ತಪ್ಪಿರಬೇಕೆಂದು ಅಕ್ಕಸಾಲಿಗರ ತಕ್ಕಡಿ ತಂದೆ. ಸ್ಲಗ್ಗಿನ ಮೂತಿಯ ಕುಳಿ ಚಿಕ್ಕದು ಮಾಡಿದೆ, ಬುಡದ್ದು ದೊಡ್ಡದು ಮಾಡಿದೆ. ನಾಲ್ಕು ಅಚ್ಚು ಕಡೆದೆ. ಪ್ರತಿ ಸಲವೂ ಒಂದೋ ಎರಡೋ ದಾರಿ ತಪ್ಪುತ್ತಿದ್ದವು. ಒಮ್ಮೆ ಸಿಟ್ಟು ನೆತ್ತಿಗೇರಿ ಅಚ್ಚನ್ನು ಜಾಲಿ ಪೊದೆಗೆ ಎಸೆದು, ಮತ್ತೆ ನಾನೇ ಮುಳ್ಳು ಚುಚ್ಚಿಸಿಕೊಂಡು ಹುಡುಕಿ ತಂದೆ.

"ಸೀಸ ಮುಟ್ಟಿದ ಕೈಲೆ ರೊಟ್ಟಿ ಮುಟ್ಟಬ್ಯಾಡ್ರಿ, ಮೊದಲ ತೊಳಕೊಂಡ ಬರ್ರಿ!" ಎಂದು ಹೆಂಡತಿ ಬೈಯುವಳು. ತೊಳೆಯುವಾಗ ನನ್ನ ಬೆರಳುಗಳನ್ನೇ ನೋಡುತ್ತಿದ್ದೆ. ಸ್ಲಗ್ ಸರಿಯಾಗೇ ಇದೆ, ಕೆಟ್ಟಿರುವುದು ಕೈ ಎಂದು ಒಳಗೊಳಗೇ ಒಪ್ಪಿಕೊಂಡೆ. ನಿಜ ಹೇಳುತ್ತೇನೆ, ಆ ವಾರ ಊಟ ರುಚಿಸಲಿಲ್ಲ.

ಅಷ್ಟರಲ್ಲಿ ಚಿಂಚೋಳಿ ಕಡೆಯ ಹಳ್ಳಿಯಿಂದ ಅಕ್ಕ ಬಂದಳು. ಅವಳದು ಕಾಡಂಚಿನ ಊರು, ರೈಲಿನ ಗೊಡವೆ ಇಲ್ಲ. ಮರುದಿನ ನಾನು ಸ್ಲಗ್‌ಗಳನ್ನು ಫರ್ಸಿಯ ಮೇಲೆ ಸಾಲಾಗಿ ನಿಲ್ಲಿಸಿದ್ದೆ. ಪಕ್ಕದಲ್ಲಿ ಚಾ ಕುಡಿಯುತ್ತಿದ್ದ ಅಕ್ಕ ತಟ್ಟನೆ ಕೇಳಿದಳು:

"ತಮ್ಮಾ, ಇವು ಯಾಕ ಕುಣಿಲಿಕತ್ತಾವ?"

"ಯಾವು?"

"ನಿನ್ನ ಗುಂಡ ನೋಡು! ಯವ್ವಾ, ನೆಲಾನೇ ನಡಗಲಿಕತ್ತದಲ್ಲ!"

ನೋಡಿದೆ. ಎರಡು ಸ್ಲಗ್ ಉರುಳಿಬಿದ್ದವು. ಹಿಂದೆ ಹಳಿಯ ಮೇಲೆ ಸಿಮೆಂಟ್ ತುಂಬಿದ ಗೂಡ್ಸ್ ಗಾಡಿ ಹೋಗುತ್ತಿತ್ತು. ಮೂವತ್ತು ವರ್ಷದಿಂದ ಈ ಮನೆಯಲ್ಲಿದ್ದೇನೆ. ಗಾಡಿಯ ಸದ್ದು ನನ್ನ ಕಿವಿಗೆ ಬೀಳುವುದು ಯಾವಾಗ ನಿಂತಿತೋ, ನೆಲದ ನಡುಕ ಯಾವಾಗ ಮರೆತೆನೋ! ನೆಲ ನಡುಗುವುದು ನಿನಗೆ ಗೊತ್ತಾಗುತ್ತದೇನು ಎಂದು ಹೆಂಡತಿಯನ್ನು ಕೂಗಿ ಕೇಳಿದೆ.

"ಈ ಮನಿಗಿ ಬಂದ ಹೊಸದಾಗ ಭಾಳ ಅಂಜತಿದ್ದೆ. ಆಮ್ಯಾಲ ಮರತಬಿಟ್ಟೆ ನೋಡ್ರಿ," ಎಂದಳು.

ಅಕ್ಕನನ್ನು ಪಕ್ಕದಲ್ಲೇ ಕೂರಿಸಿ, ಫರ್ಸಿಯ ಮೇಲೆ ಅವಳ ಅಂಗೈ ಊರಿಸಿ, ನಡುಕ ಇಲ್ಲದಾಗ ಹೇಳು ಎಂದೆ. "ತಡಿ... ಇನ್ನೂ ತಡಿ... ಹಾಂ, ಈಗ ಹೊಡಿ!" ಅವಳು ಹೇಳಿದಂತೆ ಐದು ಸಲ ಹೊಡೆದೆ. ನಡುವೆ ಎರಡು ಗಾಡಿ ಹೋದವು, ಎರಡು ಸಲವೂ ಕಾದೆವು. ಹೋಗಿ ನೋಡಿದರೆ ಐದೂ ಒಂದೇ ತೂತು. ಶೇಂಗಾ ಬೀಜ ಒಂದನ್ನು ಇಟ್ಟರೆ ಮುಚ್ಚಿಹೋಗುವಷ್ಟು.

ಅಲ್ಲೇ ನಿಂತು ಐಟಿಐಗೆ ಫೋನ್ ಮಾಡಿದೆ. "ನಾ ಬರ್ತೀನ್ರೀ, ಸೋಮವಾರದಿಂದ."

ಫೋನ್ ಇಟ್ಟಮೇಲೆ ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಅಕ್ಕ ಗಾಬರಿಯಾದಳು.

"ಯಾಕೋ? ಏನಾತು?"

"ನನಗ ವಯಸ್ಸಾತು, ಕೈ ಹೋತು ಅಂತ ತಿಳಕೊಂಡಿದ್ದೆ ಅಕ್ಕಾ."

"ಕೈ ಛಲೋ ಅದ. ಆದ್ರ ವಯಸ್ಸು ಆಗೇದ ಮತ್ತ," ಎಂದು ಅಕ್ಕ ಸೆರಗಿನಿಂದ ನನ್ನ ಮುಖ ಒರೆಸಿದಳು. "ಅಷ್ಟ ದೊಡ್ಡ ಗಾಡಿ ಬೆನ್ನ ಹಿಂದ ಹೋದ್ರೂ ಗೊತ್ತಾಗಲಿಲ್ಲ ನಿನಗ!"