ಮುಂದಿನ ಸಾಲಿನ ಅಜ್ಜಿ

ಮಾನ್ವಿಯ ವೇದಿಕೆಯಲ್ಲಿ ನಾನು ಮೊದಲ ರಾತ್ರಿಯ ಜೋಕನ್ನು ಅರ್ಧ ಹೇಳಿದ್ದೆ. ಸಂಘಟಕರೊಬ್ಬರು ಮೇಲೆ ಬಂದು ಮೈಕಿಗೆ ಕೈ ಹಾಕಿದರು. "ಮುಂದ ಹಿರೇರು ಕುಂತಾರ್ರಿ ಮೇಡಂ, ಸಾಕ್ ಮಾಡ್ರಿ."

ಬೆಳಿಗ್ಗೆ ರಾಯಚೂರಿನ ರೇಡಿಯೊದಲ್ಲಿ ಸಭ್ಯ ಹರಟೆ, ಸಂಜೆ ವೇದಿಕೆಯಲ್ಲಿ ಪೋಲಿ ಜೋಕು, ಇದೇ ನನ್ನ ಕಸುಬು. ನಾನು ಮೈಕು ಬಿಡಲಿಲ್ಲ.

ಅಷ್ಟರಲ್ಲಿ ಮುಂದಿನ ಸಾಲಿನಿಂದ ಅಜ್ಜಿಯೊಬ್ಬರು ಎದ್ದು ನಿಂತು ಆ ಸಂಘಟಕರನ್ನು ಗದರಿದರು. "ತಮ್ಮಾ, ನಿನ್ನ ಮದವ್ಯಾಗ ಬೀಗರನ್ನ ಕಾಡ್ಸಾಕ ನಾವು ಎಂಥ ಹಾಡು ಹಾಡಿದ್ವಿ, ಮರ್ತಿಯೇನು? ಕೆಳಗ ಇಳಿ, ಹುಡುಗಿ ಹೇಳಲಿ."

ಅವರು ತೆಪ್ಪಗೆ ಇಳಿದರು. ಅಜ್ಜಿ ನಿಂತಲ್ಲೇ ಆ ಹಾಡಿನದೊಂದು ನುಡಿ ಹಾಡಿಯೂ ಬಿಟ್ಟರು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು, ನಾಚಿದವಳು ನಾನೊಬ್ಬಳೇ.

ಆ ನುಡಿಯನ್ನು ಇಲ್ಲಿ ಬರೆದರೆ ಅಚ್ಚಾಗುವುದಿಲ್ಲ. ಈಗ ಮುಂದಿನ ಸಾಲಿನಲ್ಲಿ ಅಜ್ಜಿಯರು ಕಂಡರೆ ಜೋಕಿಗೆ ಇನ್ನಷ್ಟು ಖಾರ ಹಾಕುತ್ತೇನೆ.